ಸೀಟಿನ ಮೇಲಿನ ಅಂಟು

ಹೂ ಬಿಟ್ಟ ಮಾವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದ್ದು ನನ್ನದೇ ತಪ್ಪು.

ಬೆಳಿಗ್ಗೆ ನೋಡಿದರೆ ಸೀಟಿನ ತುಂಬ ಅಂಟು. ಹೂಗೊಂಚಲಿನ ರಸ ಹೀರಿ ಜಿಗಿಹುಳುಗಳು ಸುರಿಸಿದ ಸಿಹಿ. ಒರೆಸುತ್ತಿದ್ದಾಗ ಒಂದು ಹುಳು ಕರವಸ್ತ್ರದ ಮೇಲೆಯೇ ಬಂದು ಕುಳಿತಿತು. ಅಕ್ಕಿಕಾಳಿಗಿಂತ ಚಿಕ್ಕದು. ಬೆಣೆಯಂತಹ ಮೈ, ಅಗಲವಾದ ತಲೆ. ಬೆರಳು ತಂದರೆ ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತದೆ.

ಯಾವ ಹುಳು ಎಂದು ಕೇಳಬೇಡಿ. ನೋಡಿದ ಮಾತ್ರಕ್ಕೆ ಹೇಳಲಾಗದು. ಮಾವಿನಲ್ಲೇ ಇವು ಹಲವು ಬಗೆ. ಅವುಗಳಲ್ಲಿ ಅಮೃತೋಡಸ್ ಬ್ರೆವಿಸ್ಟೈಲಸ್ ಎಂಬುದು ಬೇರೆಯದೇ ಪ್ರಭೇದ ಎಂದು ನಮ್ಮ ಕೀಟವಿಜ್ಞಾನಿ ಸಿ. ಎ. ವಿರಕ್ತಮಠ ಅವರು ವಿವರಿಸಿದ್ದು 1976ರಲ್ಲಿ. ಅದಕ್ಕೂ ಮೊದಲು ಅಜ್ಜಿಯ ಕಾಲದ ಮರಗಳಲ್ಲೂ ಅದು ರಸ ಹೀರುತ್ತಲೇ ಇದ್ದಿರಬೇಕು, ಸ್ವಂತ ಹೆಸರಿಲ್ಲದೆ.

ಹೆಸರು ಕೊಡುವ ಕೆಲಸವೂ ಸುಲಭದ್ದಲ್ಲ. ಗಂಡು ಹುಳುವಿನ ಹೊಟ್ಟೆಯ ತುದಿ ಬಿಡಿಸಬೇಕು. ಕ್ಷಾರದಲ್ಲಿ ನೆನೆಸಿ ಮಾಂಸ ಕರಗಿಸಬೇಕು. ಉಳಿದದ್ದನ್ನು ಗ್ಲಿಸರಿನ್ ಹನಿಯಲ್ಲಿಟ್ಟು, ಸೂಕ್ಷ್ಮದರ್ಶಕದಡಿ ಜನನಾಂಗದ ಒಂದೊಂದು ಕೊಕ್ಕೆಯನ್ನೂ ನೋಡಿ ಚಿತ್ರ ಬರೆಯಬೇಕು. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಾಣುವ ಹುಳುಗಳು ಬೇರೆಯಾಗುವುದು ಅಲ್ಲಿ. ಬ್ರೆವಿಸ್ಟೈಲಸ್ ಎಂದರೆ ಗಿಡ್ಡ ಸ್ಟೈಲಿನದು. ಸ್ಟೈಲ್ ಎಂದರೆ ಅಲ್ಲಿನ ಒಂದು ಪುಟ್ಟ ಕಡ್ಡಿಯಂತಹ ಭಾಗ, ಕೂದಲು ಬಾಚುವ ಶೈಲಿಯಲ್ಲ!

ನನ್ನ ಕರವಸ್ತ್ರದ ಅತಿಥಿ ಗಂಡೋ ಹೆಣ್ಣೋ ಎಂದು ಬಗ್ಗಿ ನೋಡುವಷ್ಟರಲ್ಲಿ ಟಪ್ ಎಂದು ಹಾರಿತು.

ಸೀಟು ಇನ್ನೂ ಅಂಟುತ್ತಿದೆ. ನಾಳೆಯೂ ಅಲ್ಲಿಯೇ ನಿಲ್ಲಿಸುತ್ತೇನೆ, ಈ ಬೀದಿಯಲ್ಲಿ ನೆರಳು ಬೇರೆಲ್ಲಿದೆ?