ಮಳೆಗಾಲದ ಕಡಲಿಗೆ ಯಾವ ಬಣ್ಣ?

"ನೀಲಿ ಹಾಕು ಮಗಾ. ಕಡಲಿಗೆ ಯಾರಾದ್ರೂ ಕೆಸರಿನ ಬಣ್ಣ ಕೊಡ್ತಾರಾ?"

"ನೀಲಿ ಎಲ್ಲುಂಟು ಮಾವ? ನೀವೇ ನೋಡಿ."

ಈ ವಾರ ಮಳೆ ಸ್ವಲ್ಪ ಬಿಟ್ಟಾಗ ಕಾಸರಗೋಡಿನ ಬೇಕಲ ಕೋಟೆಯ ಕೆಳಗೆ, ಜಲವರ್ಣದಲ್ಲಿ ಕಡಲು ಬಿಡಿಸುತ್ತಿದ್ದ ಕಡೆ ಕಿವಿಗೆ ಬಿದ್ದ ಮಾತು. ಮಾವ ಕಡಲು ನೋಡಲಿಲ್ಲ. ಮೊಬೈಲ್ ತೆಗೆದು ಯಾವುದೋ ದ್ವೀಪದ ಫೋಟೋ ತೋರಿಸಿದರು. ಪ್ರೀತಿಯ ಮನುಷ್ಯರೇ, ಆದರೆ ಅಷ್ಟು ದೊಡ್ಡ ಕಡಲು ಎದುರಿಗಿರುವಾಗ ಅಂಗೈಯಲ್ಲಿ ಹುಡುಕುವುದೆಂದರೆ!

"ನೀಲಿ ಎಲ್ಲುಂಟು?" ಸರಿಯಾದ ಪ್ರಶ್ನೆ. ಮಳೆಗಾಲದಲ್ಲಿ ಚಂದ್ರಗಿರಿಯಂಥ ಹೊಳೆಗಳು ಮುರಕಲ್ಲಿನ ನೆಲದ ಕೆಂಪು ಮಣ್ಣನ್ನು ಕಡಲಿಗೆ ತರುತ್ತವೆ, ದೊಡ್ಡ ತೆರೆಗಳು ತಳದ ಹೂಳನ್ನೂ ಕದಡುತ್ತವೆ. ದಡದ ನೀರಿಗೆ ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಅದಕ್ಕೆ ಚೂರು ಬರ್ನ್ಟ್ ಅಂಬರ್ ಎಂಬ ಕಡು ಕಂದು. ದೂರದ ನೀರಿಗೆ ಅಲ್ಟ್ರಾಮರೀನ್ (ಕಡು ನೀಲಿ) ಮತ್ತು ಬರ್ನ್ಟ್ ಸಿಯೆನಾ (ಕೆಂಪು ಕಂದು) ಬೆರೆಸಿದ ಬೂದು. ಫೋಟೋ ನೋಡಿ ಬಿಡಿಸುವವರು ತೆರೆಯ ತುದಿಗೆ ಹಸಿರು ಹೊಳಪು ಕೊಡುತ್ತಾರೆ. ಕೆಸರು ನೀರಿನಲ್ಲಿ ಬೆಳಕು ಹಾಯುವುದೇ ಇಲ್ಲ, ಹಸಿರು ಎಲ್ಲಿಂದ ಬರಬೇಕು? ನೊರೆಗೆ ಬಿಳಿ ಬಣ್ಣ ಬೇಡ, ಕಾಗದದ ಬಿಳಿಯನ್ನೇ ಬಿಟ್ಟು ಅಂಚಿಗೆ ಒಣ ಬ್ರಷ್ ಎಳೆದರೆ ಸಾಕು. ನೊರೆಯ ಕೆಳಗಿನ ನೆರಳನ್ನು ಮರೆತರೆ ಮಾತ್ರ ಅದು ನೀರಿಗೆ ಅಂಟಿಸಿದ ಹತ್ತಿಯಾಗುತ್ತದೆ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ಲೆಕ್ಕದ ತೂಕ) ಇರಲಿ, ತೆಳ್ಳಗಿನದು ಒದ್ದೆಯಾದರೆ ಉಬ್ಬುತ್ತದೆ. ಈ ಥಂಡಿ ಗಾಳಿಗೆ ಮೊದಲ ಪದರ ಬೇಗ ಆರುವುದಿಲ್ಲ. ಅರೆ ಒದ್ದೆಯಲ್ಲೇ ಎರಡನೆಯದು ಎಳೆದರೆ ನೀರು ಹಿಂದಕ್ಕೆ ಹರಿದು ಕಲೆ ಕಟ್ಟುತ್ತದೆ. ಬ್ರಷ್ಷನ್ನು ಕಡಲ ನೀರಿನಲ್ಲಿ ಅದ್ದುವ ಆಸೆ ಎಲ್ಲರಿಗೂ. ಬೇಡ. ಉಪ್ಪು ತೇವ ಎಳೆಯುತ್ತದೆ, ಬಣ್ಣದಲ್ಲಿ ಚುಕ್ಕೆ ಏಳಿಸುತ್ತದೆ.

ಬ್ರಷ್ ಎತ್ತುವ ಮೊದಲು ಸುಮ್ಮನೆ ಕೂತು ನೋಡಬೇಕು. ತೆರೆಗಳು ಮನಸ್ಸು ಬಂದಲ್ಲಿ ಒಡೆಯುವುದಿಲ್ಲ. ಆಳ ಕಡಿಮೆಯಾಗುವ ಕಡೆ, ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿ ಒಡೆಯುತ್ತವೆ. ಆ ಸಾಲು ಕಣ್ಣಿಗೆ ಸಿಕ್ಕಿದವನಿಗೆ ಕಡಲ ತಳದ ಅಂದಾಜೂ ಸಿಕ್ಕಿತು. ದೋಣಿಯವರು ದಿನಾ ನೋಡುವುದು ಇದನ್ನೇ. ನಾವೋ, ಕಡಲ ಬಗಲಲ್ಲೇ ಹುಟ್ಟಿ, ಅದರ ಬಣ್ಣವನ್ನು ಕ್ಯಾಲೆಂಡರಿನಿಂದ ಕಲಿತವರು.

ಮಾವನ ನೀಲಿಗೂ ಕಾಲ ಬರುತ್ತದೆ, ಡಿಸೆಂಬರಿನ ಹೊತ್ತಿಗೆ. ಆಗ ಬೆಳಿಗ್ಗೆಯೇ ಹೋಗಬೇಕು, ಸೂರ್ಯ ಬೆನ್ನಿಗಿರುವಾಗ. ಸಂಜೆ ಬಿಸಿಲು ಎದುರಾಗಿ ನೀರೆಲ್ಲ ಬರೀ ಹೊಳಪು. ಆದರೆ ತೆರೆಯ ಆ ಹಸಿರು ತುದಿ ಬೇಕಿದ್ದವರಿಗೆ ಸಂಜೆಯೇ ಹೊತ್ತು, ತಿಳಿ ನೀರಿನೊಳಗಿಂದ ಬೆಳಕು ಹಾಯುವುದು ಆಗಲೇ.