ಚೈನ್ ಮೊಂಡಾಗಿತ್ತು, ನಾನು ಕಾರ್ಬೊರೇಟರ್ ತಿರುಗಿಸಿದೆ

ಭಾನುವಾರ ನಮ್ಮ ಗ್ಯಾರೇಜಿನ ಶಟರ್ ಅರ್ಧ ಮಾತ್ರ ಎತ್ತಿರುತ್ತದೆ. ಒಳಗಿನಿಂದ ಸದ್ದು ಕೇಳಿದರೆ ದಾರಿಯಲ್ಲಿ ಹೋಗುವವರು ಬಗ್ಗಿ ನೋಡುತ್ತಾರೆ. "ಏನ್ ಮಾರಾಯ್ರೇ, ಬೈಕ್ ಬಿಟ್ಟು ಮರ ಕೊಯ್ಯೋಕೆ ಶುರು ಮಾಡಿದ್ರಾ?" ಅಂತ ಕೇಳುತ್ತಾರೆ. ಇಲ್ಲ. ಕೊಪ್ಪದ ಕಡೆ ಇಪ್ಪತ್ತೈದು ವರ್ಷದಿಂದ ಟೂ ವೀಲರ್ ರಿಪೇರಿಯೇ ನನ್ನ ಕಸುಬು. ಚೈನ್ ಸಾ, ಅಂದರೆ ಈ ಮರ ಕೊಯ್ಯುವ ಮಷಿನ್, ಬರೀ ಹುಚ್ಚು. ಸದ್ಯ ಬೆಂಚಿನ ಕೆಳಗೆ ಐದು ಮಷಿನ್ ಇವೆ. ಓಡುವುದು ಮೂರು. ನನ್ನ ಹೆಂಡತಿಯ ಲೆಕ್ಕದಲ್ಲಿ ಐದೂ ಗುಜರಿಯೇ.

ಹುಚ್ಚು ಹತ್ತಿದ್ದು 2020ರ ನಂತರ. ಆ ವರ್ಷ ಏಪ್ರಿಲ್ 1ರಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಬಂತು. ಹೆಚ್ಚಿನ ಗಾಡಿಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಕೂತಿತು. ಈಗ ಗಾಡಿ ಬಂದರೆ ಮೊದಲು ಸ್ಕ್ಯಾನರ್ ಹಾಕಬೇಕು. ಅದೊಂದು ಕೋಡ್ ತೋರಿಸುತ್ತದೆ, ಅದರ ಬೆನ್ನು ಹಿಡಿದು ಹೋಗಬೇಕು. ಗಾಡಿಗಳು ಒಳ್ಳೆಯವೇ, ಹೊಗೆ ಕಡಿಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಕಿವಿಗೆ ಕೆಲಸ ಇಲ್ಲದಂತಾಯಿತು. ನಾನು ಕೆಲಸ ಕಲಿತಿದ್ದು ಯೆಜ್ಡಿ ಮತ್ತು ಆರ್‌ಎಕ್ಸ್ 100 ಬೈಕುಗಳ ಮೇಲೆ. ಮೈಸೂರಿನಲ್ಲಿ ಯೆಜ್ಡಿ ತಯಾರಿಕೆ ನಿಂತಿದ್ದು 1996ರಲ್ಲಿ. ನಮ್ಮ ಘಾಟಿ ರಸ್ತೆಗಳಲ್ಲಿ ಅವು ಆಮೇಲೂ ಹತ್ತು ಹದಿನೈದು ವರ್ಷ ಓಡಿದವು. ಗುರುಗಳು ಸ್ಕ್ರೂಡ್ರೈವರ್ ಕೈಗೆ ಕೊಟ್ಟು, "ಸದ್ದು ಕೇಳ್ಕೊಂಡು ತಿರುಗಿಸು" ಅನ್ನುತ್ತಿದ್ದರು. ಅಷ್ಟೇ ಪಾಠ.

ಮೊದಲ ಮಷಿನ್ ಸಿಕ್ಕಿದ್ದು ಒಂದು ಕಾಫಿ ಎಸ್ಟೇಟಿನ ಗುಜರಿಯಲ್ಲಿ, ಎಂಟುನೂರು ರೂಪಾಯಿಗೆ. ಪೆಟ್ರೋಲ್ ಪೈಪು ಬಿರಿದಿತ್ತು, ಕಾರ್ಬೊರೇಟರಿನ ಡಯಾಫ್ರಮ್ ಅನ್ನುವ ಪೊರೆ ಹಪ್ಪಳದಂತೆ ಗಟ್ಟಿಯಾಗಿತ್ತು. ಎರಡನ್ನೂ ಬದಲಿಸಿ ಹಗ್ಗ ಎಳೆದೆ. ಏಳನೇ ಸಲಕ್ಕೆ ಹತ್ತಿತು. ಪೆಟ್ರೋಲಿಗೆ ಬೆರೆಸುವ ಆ ಟೂ ಟಿ ಆಯಿಲಿನ ಹೊಗೆ ಮೂಗಿಗೆ ಬಂತು ನೋಡಿ, ಕೆಲಸ ಕಲಿತ ಗ್ಯಾರೇಜೇ ಕಣ್ಣ ಮುಂದೆ ಬಂದ ಹಾಗಾಯಿತು.

ಒಳಗೆ ಏನಿದೆ ಅಂತ ಹೇಳಿದರೆ ನಿಮಗೂ ಆಸೆ ಆಗಬಹುದು. 45 ಸಿಸಿ ಎಂಜಿನ್, ಆರ್‌ಎಕ್ಸ್ 100ರ 98 ಸಿಸಿಯ ಅರ್ಧಕ್ಕೂ ಕಡಿಮೆ. ಮುಷ್ಟಿಯಷ್ಟು ಸಿಲಿಂಡರ್. ವಾಲ್ವ್ ಇಲ್ಲ, ಗೇರ್ ಇಲ್ಲ, ಬ್ಯಾಟರಿ ಇಲ್ಲ. ಆದರೆ ಮರಕ್ಕೆ ತಾಗಿಸದೆ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ದಾಟುತ್ತದೆ. ಕ್ಲಚ್ ಹಳೇ ಮೊಪೆಡ್ಡಿನ ಜಾತಿಯದೇ, ಎಂಜಿನ್ ವೇಗ ಹೆಚ್ಚಿದಾಗ ಅಗಲವಾಗಿ ಡ್ರಮ್ ಹಿಡಿಯುವಂಥದ್ದು. ಆಕ್ಸಿಲರೇಟರ್ ಬಿಟ್ಟಾಗ, ಅಂದರೆ ಐಡಲ್‌ನಲ್ಲಿ, ಚೈನ್ ನಿಂತಿರಬೇಕು. ತಿರುಗುತ್ತಿದ್ದರೆ ಏನೋ ಸರಿ ಇಲ್ಲ ಅಂತಲೇ ಅರ್ಥ.

ಕಾರ್ಬೊರೇಟರ್ ಮಾತ್ರ ಬೇರೆ. ಬೈಕಿನದರಲ್ಲಿ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಇರುತ್ತದೆ, ಗಾಡಿ ಮಲಗಿಸಿದರೆ ಪೆಟ್ರೋಲ್ ಚೆಲ್ಲುತ್ತದೆ. ಇದರಲ್ಲಿ ಫ್ಲೋಟ್ ಬದಲು ತೆಳುವಾದ ಪೊರೆ. ಹಾಗಾಗಿ ಅಡ್ಡ, ಉಲ್ಟಾ ಹೇಗೆ ಹಿಡಿದರೂ ಓಡುತ್ತದೆ. ಬದಿಯಲ್ಲಿ ಸಣ್ಣ ಸ್ಕ್ರೂಗಳು, ಲೋ ಒಂದು, ಹೈ ಒಂದು, ಐಡಲ್ ಇನ್ನೊಂದು. ಹೆಚ್ಚು ವೇಗದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅನ್ನುವ ಹೈ ಸ್ಕ್ರೂ ಸರಿ ಇದೆಯಾ ಅಂತ ತಿಳಿಯುವುದು ಕಿವಿಯಿಂದ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಸ್ವಲ್ಪ ಒಡಕಾಗಿ, ಗೊರಗೊರ ಅನ್ನಬೇಕು. ಮರಕ್ಕೆ ತಾಗಿಸಿದ ಕೂಡಲೇ ಅದೇ ಸದ್ದು ಶುದ್ಧವಾಗಬೇಕು. ಖಾಲಿ ಓಡುವಾಗಲೇ ಕೀರಲು ದನಿ ಬಂದರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಇದರಲ್ಲಿ ಆಯಿಲ್ ಹೋಗುವುದೂ ಪೆಟ್ರೋಲ್ ಜೊತೆಗೇ. ಒಳ್ಳೆ ಆಯಿಲ್ ಆದರೆ ಲೀಟರಿಗೆ 20 ಎಂಎಲ್. ಪೆಟ್ರೋಲ್ ಕಮ್ಮಿ ಅಂದರೆ ಆಯಿಲೂ ಕಮ್ಮಿ, ಬಿಸಿ ಮಾತ್ರ ಜಾಸ್ತಿ.

ಇಷ್ಟೆಲ್ಲ ಗೊತ್ತಿದ್ದೂ ಕೆಟ್ಟೆ. ಅದನ್ನು ಆಮೇಲೆ ಹೇಳುತ್ತೇನೆ.

ಈ ಹುಚ್ಚು ನನ್ನೊಬ್ಬನದಲ್ಲ. ವೆಲ್ಡಿಂಗ್ ಶಾಪಿನವರು ಬರುತ್ತಾರೆ, ಮರಗೆಲಸದ ಆಚಾರ್ರು ಬರುತ್ತಾರೆ, ವೈರಿಂಗ್ ಮಾಡುವ ಹುಡುಗ ಬರುತ್ತಾನೆ. ವೆಲ್ಡರ್ ಹಳೇ ಕಬ್ಬಿಣದಲ್ಲಿ ಕುಂಟೆ, ಅಂದರೆ ಮರದ ದಿಮ್ಮಿ, ಇಡುವ ಸ್ಟ್ಯಾಂಡ್ ಮಾಡಿದರು. ಆಮೇಲೆ ಬಾರಿಗೆ, ಅಂದರೆ ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ, ಕಟ್ಟಿ ಹಲಗೆ ಸೀಳುವ ಫ್ರೇಮ್ ಒಂದನ್ನೂ ಮಾಡಿದರು. ಬಿದ್ದ ಹಲಸಿನ ಕುಂಟೆಯಿಂದ ಮೊದಲ ಹಲಗೆ ಎದ್ದಾಗ ನಾವು ಮೂವರು ಕುಣಿಯುವುದೊಂದು ಬಾಕಿ. ಆಚಾರ್ರು ನೆಲದ ಮೇಲಿನ ಪುಡಿ ನೋಡಿ, "ಒಂದೊಂದು ಕೊಯ್ತಕ್ಕೂ ಏಳೆಂಟು ಎಂಎಂ ಪುಡಿಯಾಗೇ ಹೋಯ್ತಲ್ರೋ" ಅಂತ ಹೊಟ್ಟೆ ಉರಿಸಿಕೊಂಡರು. ಆದರೂ ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದವರು ಅವರೇ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮಾಡಿದ ಮೊದಲ ಚೈನ್ ಸಾ ಕರೆಂಟಿನದು, 64 ಕೆಜಿ ಭಾರ, ಹಿಡಿಯಲು ಇಬ್ಬರು ಬೇಕಿತ್ತು. ನಮ್ಮ ವೈರಿಂಗ್ ಹುಡುಗ ಇದನ್ನು ಹೇಳದೆ ಚಹಾ ಮುಗಿಸುವುದಿಲ್ಲ.

ಕೈಕೆಲಸದವರಿಗೇ ಇದು ಯಾಕೆ ಹಿಡಿಸುತ್ತದೆ ಅಂತ ಯೋಚಿಸಿದ್ದೇನೆ. ವಾರವಿಡೀ ನಾವು ಬೇರೆಯವರ ವಸ್ತು ಮುಟ್ಟುತ್ತೇವೆ. ಗಿರಾಕಿ ಪಕ್ಕದಲ್ಲೇ ನಿಂತು "ಆಯ್ತಾ?" ಅನ್ನುತ್ತಿರುತ್ತಾರೆ. ಇಲ್ಲಿ ಕೇಳುವವರಿಲ್ಲ. ಇಡೀ ಮಷಿನ್ ಬಿಚ್ಚಿ ಒಂದು ತಟ್ಟೆಯಲ್ಲಿ ಇಡಬಹುದು. ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಫಲ ಅರ್ಧ ನಿಮಿಷದಲ್ಲಿ ಕುಂಟೆಯ ಮೇಲೆ ಕಾಣುತ್ತದೆ. ಸಂಜೆಗೆ ಬಚ್ಚಲ ಒಲೆಗೆ ಸೌದೆಯೂ ಆಯಿತು. ಮನೆಯಲ್ಲಿ ಬೈಯದಿರಲು ಅದೊಂದೇ ಕಾರಣ.

ನಿಂತ ಮರಕ್ಕೆ ನಾವು ಕೈ ಹಾಕುವುದಿಲ್ಲ. 1976ರ ಮರ ಸಂರಕ್ಷಣೆ ಕಾಯ್ದೆ ಇದೆ, ಹೆಚ್ಚಿನ ಜಾತಿಯ ಮರಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಅದಿರಲಿ, ಮರ ಉರುಳಿಸುವುದು ಬೇರೆಯೇ ವಿದ್ಯೆ, ನಮಗೆ ಬರುವುದಿಲ್ಲ. ಬಿದ್ದ ಕುಂಟೆಯೇ ಸಾಕಷ್ಟು ಹೆದರಿಸುತ್ತದೆ. ಬಾರಿನ ಮೂತಿಯ ಮೇಲ್ಭಾಗ ಎಲ್ಲಾದರೂ ತಾಗಿದರೆ ಮಷಿನ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಖದ ಕಡೆ ಹಾರುತ್ತದೆ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಕೊಯ್ಯುವವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ನಮ್ಮಲ್ಲಿ ಬೂಟು, ಮುಖದ ಜಾಲರಿ, ಕಿವಿಗೆ ಮುಚ್ಚಳ ಇಲ್ಲದವರಿಗೆ ಮಷಿನ್ ಇಲ್ಲ.

ಈಗ ಆ ಕೆಟ್ಟ ಕಥೆ. ಒಂದು ಮಳೆಗಾಲದ ಗಾಳಿಗೆ ಪಕ್ಕದ ತೋಟದ ದಾರಿಗೆ ಅಕೇಶಿಯಾ ಮರ ಅಡ್ಡ ಬಿತ್ತು. ತೋಟದ ಗೌಡ್ರು ಮಷಿನ್ ಎತ್ತಿಕೊಂಡು ಬಂದರು. "ದಮ್ಮೇ ಇಲ್ಲ ಮಾರಾಯ. ಎಷ್ಟು ಒತ್ತಿದ್ರೂ ಕೆಳಗೆ ಇಳಿಯಲ್ಲ."

ದಮ್ ಇಲ್ಲ ಅಂದರೆ ಎಂಜಿನ್ ಅಂತಲೇ ನನ್ನ ತಲೆಗೆ ಬಂತು. ಸ್ಟಾರ್ಟ್ ಮಾಡಿದೆ. ಗೊರಗೊರ ಅನ್ನುತ್ತಿತ್ತು, ಅಂದರೆ ಇರಬೇಕಾದ ಹಾಗೇ ಇತ್ತು. ಆದರೂ ಹೈ ಸ್ಕ್ರೂ ಒಳಕ್ಕೆ ತಿರುಗಿಸಿದೆ. ದನಿ ಚೂಪಾಯಿತು. "ಹಾಂ, ಈಗ ನೋಡು!" ಅಂತ ಗೌಡ್ರಿಗೂ ಖುಷಿ. ನನಗೂ ಖುಷಿ. ದುಡ್ಡು ಬೇಡ ಅಂದೆ.

ಮಧ್ಯಾಹ್ನ ವಾಪಸ್ ಬಂದರು. ಹಗ್ಗ ಎಳೆದರೆ ಬರುತ್ತಿಲ್ಲ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಪಿಸ್ಟನ್ನಿನ ಆ ಬದಿ ಪೂರ್ತಿ ಉದ್ದುದ್ದ ಗೀರು, ರಿಂಗ್ ಅಂಟಿಕೊಂಡಿದೆ. ಬೈಕುಗಳಲ್ಲಿ ಎಷ್ಟೋ ಸಲ ನೋಡಿದ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದೆ. ಈ ಸಲ ಮಾಡಿದ್ದು ನಾನೇ.

ಆಗ ಗೌಡ್ರ ಪಂಚೆ ನೋಡಿದೆ. ಮೊಣಕಾಲಿನಿಂದ ಕೆಳಗೆ ರಾಗಿ ಹಿಟ್ಟಿನಂಥ ಪುಡಿ. ಹರಿತವಾದ ಚೈನ್ ಹಿಟ್ಟು ಉದುರಿಸುವುದಿಲ್ಲ, ಅವಲಕ್ಕಿಯಂಥ ಚಕ್ಕೆ ಎಸೆಯುತ್ತದೆ. ಹಿಂದಿನ ವಾರ ಅಡಿಕೆ ಮರ ಕೊಯ್ದಿದ್ದರಂತೆ, ಬಾರು ಮಣ್ಣಿಗೂ ತಾಗಿತ್ತಂತೆ. ಹಲ್ಲು ಮೊಂಡಾಗಿದೆ, ಇವರು ಒತ್ತಿದ್ದಾರೆ, ಎಂಜಿನ್ ಒದ್ದಾಡಿದೆ. ಅದರ ಮೇಲೆ ನಾನು ಪೆಟ್ರೋಲ್, ಆಯಿಲ್ ಎರಡನ್ನೂ ಕಟ್ ಮಾಡಿ ಕಳಿಸಿದ್ದೆ. ಬೆಳಗ್ಗೆಯೂ ಅದೇ ಪಂಚೆ, ಅದೇ ಪುಡಿ ಇತ್ತು. ಕಣ್ಣು ಹೋಗಿರಲಿಲ್ಲ, ಅಷ್ಟೇ.

"ತಪ್ಪು ನಂದು ಗೌಡ್ರೇ" ಅಂದೆ. ಸಿಲಿಂಡರ್ ಪಿಸ್ಟನ್ ಸೆಟ್ ನನ್ನ ಕೈಯಿಂದಲೇ ತರಿಸಿ ಹಾಕಿದೆ. ಅವರು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಎರಡು ತಿಂಗಳು ನಾನು ಬೇರೇನೂ ಮಾಡಲಿಲ್ಲ, ಬರೀ ಹಲ್ಲು ಹರಿತ ಮಾಡುವುದು ಕಲಿತೆ. ಆ ಚೈನಿಗೆ 4.8 ಎಂಎಂ ದುಂಡು ಅರ, 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು. ಹಲ್ಲಿನ ಮುಂದೆ ಒಂದು ಚಿಕ್ಕ ಗುಬುಟು ಇರುತ್ತದೆ, ಅದು ಹಲ್ಲಿಗಿಂತ ಸುಮಾರು 0.65 ಎಂಎಂ ತಗ್ಗಿರಬೇಕು. ಒಂದು ಸಲಕ್ಕೆ ಎಷ್ಟು ದಪ್ಪ ಚಕ್ಕೆ ಏಳಬೇಕು ಅನ್ನುವುದು ಅದರ ಕೈಯಲ್ಲಿದೆ. ಶುರುವಿನಲ್ಲಿ ನನ್ನ ಬಲಗೈ ಜೋರು, ಒಂದು ಬದಿಯ ಹಲ್ಲು ಗಿಡ್ಡ ಆಗಿ ಕೊಯ್ತ ಓರೆ ಹೋಗುತ್ತಿತ್ತು. ಆಚಾರ್ರು ಪಕ್ಕದಲ್ಲಿ ಕೂತು ನಗುತ್ತಿದ್ದರು, ಅವರು ಹುಟ್ಟಿದಾಗಿನಿಂದ ಅರ ಹಿಡಿದವರು. ಈ ಹಲ್ಲಿನ ಆಕಾರ ಹುಳದಿಂದ ಬಂದದ್ದು ಗೊತ್ತಾ? ಅಮೆರಿಕದ ಒರೆಗಾನ್‌ನಲ್ಲಿ ಜೋ ಕಾಕ್ಸ್ ಅನ್ನುವ ಮರ ಕೊಯ್ಯುವವನು 1946ರಲ್ಲಿ ಒಂದು ಮರದ ಬುಡದಲ್ಲಿ ಮರ ಕೊರೆಯುವ ಹುಳ ನೋಡಿದ. ಅದು ಎಡಕ್ಕೂ ಬಲಕ್ಕೂ ದವಡೆ ಆಡಿಸಿ, ಯಾವ ಕಡೆಗೆ ಬೇಕಾದರೂ ಸಲೀಸಾಗಿ ಕೊರೆಯುತ್ತಿತ್ತು. ಅದೇ ಮಾದರಿಯಲ್ಲಿ ಹಲ್ಲು ಮಾಡಿದ. ಕಾಂಡಕೊರಕದ ಕಾಟ ತಿಂದ ನಮ್ಮ ಕಾಫಿ ಬೆಳೆಗಾರರಿಗೆ ಇದನ್ನು ಹೇಳಿದರೆ ಅಷ್ಟೇನೂ ಖುಷಿ ಆಗುವುದಿಲ್ಲ.

ಗ್ಯಾರೇಜಿನಲ್ಲಿ ಬದಲಾಗಿದ್ದು ಇಷ್ಟು. "ಪಿಕಪ್ ಇಲ್ಲ" ಅಂತ ಯಾರೇ ಬಂದರೂ ಮೊದಲು ಗಾಡಿ ನ್ಯೂಟ್ರಲ್ ಮಾಡಿ ಕೈಯಲ್ಲಿ ತಳ್ಳಿ ನೋಡುತ್ತೇವೆ. ಟೈರಿನ ಗಾಳಿ, ಚೈನ್ ಬಿಗಿ, ಬ್ರೇಕ್ ಹಿಡಿದಿದೆಯಾ, ಕ್ಲಚ್ ಜಾರುತ್ತಿದೆಯಾ. ಎಂಜಿನ್ ಮತ್ತು ಸ್ಕ್ಯಾನರ್ ಆಮೇಲೆ. ನಾನಿಲ್ಲದಾಗಲೂ ಹೀಗೇ ಮಾಡಬೇಕು ಅಂತ ಕೆಲಸದ ಹುಡುಗನಿಗೆ ಹೇಳಿಟ್ಟಿದ್ದೇನೆ. ಕಾರಣವನ್ನೂ ಹೇಳಿದ್ದೇನೆ, ಆ ಗೀರು ಬಿದ್ದ ಪಿಸ್ಟನ್ ಬೆಂಚಿನ ಮೇಲೆ ಬೋಲ್ಟು ಹಾಕುವ ಬಟ್ಟಲಾಗಿ ಇನ್ನೂ ಇದೆ.

ಮೊನ್ನೆ ಒಬ್ಬರು ಸ್ಕೂಟರ್ ತಂದರು. ಘಾಟಿ ಹತ್ತಲ್ಲ, ಎಂಜಿನ್ ಕೆಲಸ ಬಂದಿದೆ, ಎಷ್ಟಾಗಬಹುದು ಅಂತ ಚೌಕಾಸಿಗೇ ಕೂತಿದ್ದರು. ಹುಡುಗ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದ. ತಿರುಗಲಿಲ್ಲ. ಬ್ರೇಕ್ ಕ್ಯಾಮ್ ತುಕ್ಕು ಹಿಡಿದು ಶೂ ಬಿಡುತ್ತಲೇ ಇರಲಿಲ್ಲ. ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದ. ನೂರು ರೂಪಾಯಿ. ಅವರಿಗೆ ಸಮಾಧಾನವೇ ಆಗಲಿಲ್ಲ. "ಎಂಜಿನ್ ನೋಡಲೇ ಇಲ್ವಲ್ಲ?" ಅಂತ ಎರಡು ಸಲ ಕೇಳಿ ಹೋದರು. ಪೇಟೆಯ ಇನ್ನೊಂದು ಗ್ಯಾರೇಜಿಗೆ ಹೋಗಿ ಸ್ಕ್ಯಾನರ್ ಹಾಕಿಸಿದರಂತೆ. ಏನೂ ತೋರಿಸಲಿಲ್ಲವಂತೆ.