'ಯಾವ ಆಪ್ ಮಾಡಲಿ ಸಾರ್?'

ಆಸ್ಪತ್ರೆ ಮಿಷನ್ ರಿಪೇರಿ ನನ್ನ ಕೆಲಸ. ಎಂಜಿನಿಯರಿಂಗ್ ಹುಡುಗರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: 'ಹಳ್ಳಿ ಆಸ್ಪತ್ರೆಗೆ ಏನಾದರೂ ಮಾಡಬೇಕು ಅಂತಿದ್ದೀವಿ ಸಾರ್. ಯಾವ ಆಪ್ ಮಾಡಲಿ?'

ಮೊದಲು ಮೆಡಿಕಲ್ ಓದುವವರೊಬ್ಬರನ್ನು ಜೊತೆ ಮಾಡಿಕೊಳ್ಳಿ ಅನ್ನುತ್ತೇನೆ. ಕೊಡಗಿನಲ್ಲಿ ಅದು ಕಷ್ಟವಲ್ಲ. ಪೊನ್ನಂಪೇಟೆ, ಕುಶಾಲನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಆಮೇಲೆ ಇಬ್ಬರೂ ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಎರಡು ದಿನ ಸುಮ್ನೆ ಕೂತು ನೋಡಿ. ಬೇಸಿಗೆಯಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ನಾನೇ ಒಂದು ಏಪ್ರಿಲ್‌ನಲ್ಲಿ ಕಿಟಕಿ ಪಕ್ಕ ಸ್ಟೆಬಿಲೈಸರ್ ಕೂರಿಸಿ ಬಂದಿದ್ದೆ. ಜೂನ್‌ನಲ್ಲಿ ಎರಚಲು ಹೊಡೆದು ಸುಟ್ಟುಹೋಯಿತು.

ಹಾಗೆ ಹೋದ ಇಬ್ಬರ ಕತೆ ಕೇಳಿ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿ ಮೂರನೇ ದಿನ. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಲಸಿಕೆ ಇಡುವ ಐಎಲ್‌ಆರ್ (ಐಸ್-ಲೈನ್ಡ್) ಫ್ರಿಜ್‌ನ ಒಳಗೆ ಸುತ್ತಲೂ ಐಸ್ ಇರುತ್ತದೆ, ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ ನಡೆಯುತ್ತದೆ. ಅದೂ ಇಲ್ಲದಿದ್ದರೆ? 'ಇನ್ನಷ್ಟು ಐಸ್ ತುಂಬೋಣ, ಜಾಸ್ತಿ ತಂಪಾದರೆ ಒಳ್ಳೇದೇ ಅಲ್ವಾ' ಅಂದ ಎಂಜಿನಿಯರಿಂಗ್ ಹುಡುಗ. ಮೆಡಿಕಲ್ ಹುಡುಗಿ ತಲೆ ಚಚ್ಚಿಕೊಂಡಳು. ಮಕ್ಕಳಿಗೆ ಐದು ರೋಗಗಳ ವಿರುದ್ಧ ಕೊಡುವ ಪೆಂಟಾ, ಹೆಪಟೈಟಿಸ್ ಬಿ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಟ್ಟಂತೆ. ಕರಗಿಸಿದರೂ ಪ್ರಯೋಜನವಿಲ್ಲ.

ಹಾಗಾದರೆ ಲಸಿಕೆಯನ್ನು ಕರೆಂಟ್ ಇರುವ ಕಡೆಗೆ ಹೆಪ್ಪುಗಟ್ಟದ ಹಾಗೆ ಒಯ್ಯುವುದು ಹೇಗೆ? ಅದನ್ನು ತೋರಿಸಿದ್ದು ಅಲ್ಲಿನ ಸಿಸ್ಟರ್. ಐಸ್ ಪ್ಯಾಕ್ ಹೊರಗೆ ತೆಗೆದಿಟ್ಟರು. ಅದು ಬೆವರಿದ ಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರಿನ ಸದ್ದು ಕೇಳಿದ ಮೇಲೇ ಅದು ಲಸಿಕೆ ಒಯ್ಯುವ ಕ್ಯಾರಿಯರ್ ಡಬ್ಬಿಗೆ ಹೋಯಿತು. ಜೈಪುರ ಕಾಲು ಅನ್ನೋ ಕೃತಕ ಕಾಲು ಹುಟ್ಟಿದ್ದೂ ಹೀಗೇ ಅಲ್ವಾ? 1968ರಲ್ಲಿ ಮೂಳೆ ವೈದ್ಯ ಡಾ. ಪಿ.ಕೆ. ಸೇಠಿ ಜೊತೆ ಅದಕ್ಕೆ ರೂಪ ಕೊಟ್ಟ ರಾಮಚಂದ್ರ ಶರ್ಮಾ ಒಬ್ಬ ಕುಶಲಕರ್ಮಿ. ಬರಿಗಾಲಲ್ಲಿ ನಡೆಯುವವರಿಗೆ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವವರಿಗೆ ಆಗುವಂಥ ಕಾಲು ಅದು.

ನಮ್ಮ ಹುಡುಗ, ಹುಡುಗಿ ಇಬ್ಬರೂ ಫ್ರಿಜ್‌ನ ಉಷ್ಣತೆಯನ್ನು ಮೊಬೈಲ್‌ಗೆ ಕಳಿಸುವ ಆಪ್ ಯೋಚಿಸಿಕೊಂಡು ಬಂದಿದ್ದರು. ಕರೆಂಟ್ ಹೋದರೆ ಟವರೂ ಹೋಗುತ್ತದೆ ಅಂತ ಎರಡನೇ ದಿನ ಗೊತ್ತಾಯಿತು. ಆಪ್ ಬಿಟ್ಟರು. ಬ್ಯಾಟರಿಯ ಒಂದು ಬಜರ್ ಮಾಡಿದರು: ಬಿಸಿಯಾದರೆ ಒಂದು ಸದ್ದು, ಸೊನ್ನೆಯ ಹತ್ತಿರ ಇಳಿದರೆ ಇನ್ನೊಂದು. ನಡುರಾತ್ರಿ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ ಅಂತ ಆಯಾ ಬೈಯುತ್ತಿದ್ದಾರಂತೆ. ಸೆನ್ಸರ್‌ಗೆ ತೇವ ಹಿಡಿದಿರಬೇಕು. ಭಾನುವಾರ ಮೂವರೂ ಹೋಗಿ ಬಿಚ್ಚಿ ನೋಡುತ್ತೇವೆ.